ಗಣಿಯ ಬಾಯಿ ತನಕ ಸಾಕು

ಹೋದ ಭಾನುವಾರ ನಮ್ಮ ಮನೆ ಕಟ್ಟೆ ತುಂಬ ಹುಡುಗ ಹುಡುಗಿಯರು. ಚನ್ನಗಿರಿಯ ಅಡಿಕೆ ತೋಟದವರ ಮಕ್ಕಳಿಬ್ಬರು, ಹೊನ್ನಾಳಿ ಕಾಲೇಜಿನವರು ನಾಲ್ಕೈದು ಜನ, ನ್ಯಾಮತಿಯ ವೆಲ್ಡಿಂಗ್ ಅಂಗಡಿ ಹುಡುಗ ಒಬ್ಬ, ಜಗಳೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದ ಒಬ್ಬ ಮೇಷ್ಟ್ರು. "ಅಜ್ಜಾರೆ, ಕುದುರೆಕೊಂಡದ ಕಡೆ ಹಳೇ ಚಿನ್ನದ ಗಣಿ ಇತ್ತಲ್ಲ, ಹಾಳುಬಿದ್ದಿದೆಯಂತೆ. ನಾವೆಲ್ಲ ಸೇರಿ ಅದನ್ನು ಉಳಿಸಬೇಕು ಅಂತಿದ್ದೀವಿ. ಎಷ್ಟು ಮಾರು ಹಗ್ಗ ಬೇಕಾದೀತು?" ಅಂದರು.

ಹಗ್ಗ ಬೇಡ ಅಂದೆ. ಕುಡಗೋಲು, ಐವತ್ತು ಮೀಟರಿನ ಟೇಪು, ಒಂದು ದಪ್ಪ ನೋಟ್‌ಬುಕ್ಕು ತನ್ನಿ ಅಂದೆ. ಎಲ್ಲರ ಮುಖ ಸಪ್ಪಗಾಯಿತು. ಸುರಂಗಕ್ಕೆ ಇಳಿಯುವ ಕನಸು ಕಟ್ಟಿಕೊಂಡು ಬಂದವರಿಗೆ ಬೇಲಿ ಹಾಕಿ ಅಂದರೆ ಹೇಗನ್ನಿಸಬೇಕು! ಆದರೆ ಮೂವತ್ತೊಂದು ವರ್ಷ ನೆಲದಡಿಯಲ್ಲಿ ಬಂಡೆಗೆ ಮರದ ಕಂಬ ಕೊಡುವ ಕೆಲಸ ಮಾಡಿದವನು ನಾನು. ಕೆಲಸಕ್ಕಿದ್ದ ಗಣಿಯಲ್ಲೇ ಒಂದೊಂದು ದಿನ ಜೀವ ಕೈಯಲ್ಲಿ ಹಿಡಿದುಕೊಂಡು ನಡೆದಿದ್ದೇನೆ. ಬಿಟ್ಟುಹೋದ ಗಣಿಯ ಮಾತೇ ಬೇರೆ. ಕಟ್ಟೆ ಮೇಲೆ ಹೇಳಿದ್ದು ಬಸ್ಸು ಹತ್ತುವಷ್ಟರಲ್ಲಿ ಮರೆಯುತ್ತದೆ, ಅದಕ್ಕೆ ಬರೆದು ಕೊಡುತ್ತಿದ್ದೇನೆ. ಒಪ್ಪ ಓರಣ ಇಲ್ಲ, ನೆನಪಾದ ಹಾಗೆ ಇದೆ.

• ಮೊದಲು ನೀವು ಉಳಿಸಲು ಹೊರಟಿದ್ದು ಏನು ಅಂತ ತಿಳಿದುಕೊಳ್ಳಿ. ಹೊನ್ನಾಳಿ ಅನ್ನುವ ಹೆಸರಲ್ಲೇ ಹೊನ್ನಿದೆ. ಆದರೆ ನಮ್ಮದು ಕೋಲಾರ ಅಲ್ಲ. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು, ಅಲ್ಲಿನ ಗಣಿಗಳೆಲ್ಲ ಸೇರಿ ಸುಮಾರು 800 ಟನ್ ಚಿನ್ನ ಕೊಟ್ಟು 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ನಮ್ಮ ಸೀಮೆಯದು ಹಳ್ಳದ ಮರಳು ತೊಳೆದು ಕಾಳು ಹೆಕ್ಕಿದವರ ಚಿನ್ನ, ಬೆಣಚುಕಲ್ಲಿನ ಎಳೆ ಹಿಡಿದು ಅಗೆದು ಕೈಬಿಟ್ಟವರ ಚಿನ್ನ. ಕುದುರೆಕೊಂಡ, ಪಾಲವನಹಳ್ಳಿ ಸುತ್ತಿನ ಈ ಚಿನ್ನದ ನೆಲವನ್ನು 1880ರ ದಶಕದ ಆರಂಭದಲ್ಲೇ ಭೂವಿಜ್ಞಾನ ಸರ್ವೇಕ್ಷಣಾಲಯದ ರಾಬರ್ಟ್ ಬ್ರೂಸ್ ಫೂಟ್ ನೋಡಿ ಹೋದರು. ಮೈಸೂರು ಸೀಮೆಯ ಚಿನ್ನದ ನೆಲಗಳ ಬಗ್ಗೆ ಅವರು ಬರೆದದ್ದು 1882ರಲ್ಲಿ ಅಚ್ಚಾಯಿತು. ಚಿನ್ನ ಸಿಗುವ ಈ ಕಪ್ಪು-ಹಸಿರು ಕಲ್ಲಿನ ಪಟ್ಟಿಗಳಿಗೆ ಧಾರವಾಡದ ಹೆಸರು ಇಟ್ಟವರೂ ಅವರೇ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೇ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಮನುಷ್ಯ ಕೂಡ ಇವರೇ. ಚಿನ್ನ ಹುಡುಕುವವನಿಗೆ ಕಲ್ಲಿನ ಮೇಲೂ ಕಣ್ಣಿರಬೇಕು ಅನ್ನುವುದಕ್ಕೆ ಇದನ್ನು ಹೇಳಿದೆ.

ಬೋರ್ಡು ಬರೆಸುವಾಗ 'ಏಷ್ಯಾದಲ್ಲೇ ಮೊದಲು' ಅಂತೆಲ್ಲ ಬರೆಸಬೇಡಿ. ನಮ್ಮ ಜನಕ್ಕೆ ಆ ಚಾಳಿ ಇದೆ.

• ಕಡತ ಹುಡುಕಲು ದಾವಣಗೆರೆಗೆ ಓಡಬೇಡಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ, ನಿಮ್ಮ ಚನ್ನಗಿರಿ ಸೀಮೆಯ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ಅದಕ್ಕೂ ಮೊದಲು ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ತಾಲ್ಲೂಕಾಗಿ ಬೇರೆಯಾದದ್ದಂತೂ ಮೊನ್ನೆ ಮೊನ್ನೆ, 2018ರಲ್ಲಿ. ಹಾಗಾಗಿ ನ್ಯಾಮತಿಯ ಹಳ್ಳಿಯ ಹಳೇ ಕಾಗದ ಬೇಕಾದರೆ ಮೊದಲು ಹೊನ್ನಾಳಿ, ಆಮೇಲೆ ಶಿವಮೊಗ್ಗ, ಅಲ್ಲಿಂದ ಬೆಂಗಳೂರು. ಬೆಂಗಳೂರಿನಲ್ಲಿ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನಕ್ಕೆ ಹೋಗಿ. ಗಣಿ ಮತ್ತು ಭೂವಿಜ್ಞಾನ ಇಲಾಖೆ ಇರುವುದು ಅಲ್ಲಿ. ಇದರ ಬೇರು 1894ರ ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿದೆ. ಆಗಿನವರು ವರ್ಷ ವರ್ಷದ ವರದಿಯನ್ನು ಅಚ್ಚುಹಾಕಿಸಿ ಇಟ್ಟಿದ್ದಾರೆ. ಓದಲು ನಾಲ್ಕು ದಿನ ಇಟ್ಟುಕೊಂಡು ಹೋಗಿ. ಒಬ್ಬರು ಓದಲಿ, ಒಬ್ಬರು ಬರೆದುಕೊಳ್ಳಲಿ. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬಂದು ಆಮೇಲೆ ಓದುತ್ತೇವೆ ಅನ್ನುವವರು ಓದಿದ್ದನ್ನು ನಾನು ಕಂಡಿಲ್ಲ.

• ಆಮೇಲೆ ಪಹಣಿ. ಆ ಸರ್ವೆ ನಂಬರು ಯಾರ ಹೆಸರಲ್ಲಿದೆ ನೋಡಿ. ಗೋಮಾಳವೋ, ಅರಣ್ಯವೋ, ಖಾಸಗಿಯೋ? ಖಾಸಗಿ ಅಂತಿದ್ದರೆ ಮಾಲೀಕರ ಮನೆಗೆ ಮೊದಲ ದಿನವೇ ಹೋಗಿ ಕಾಫಿ ಕುಡಿದು ಬನ್ನಿ. ಗೋಮಾಳ ಅಂತಿದ್ದರೂ ಅಂಚಿನಲ್ಲಿ ಯಾರೋ ಬಡವರು ಬಗರ್‌ಹುಕುಂ ಮಾಡಿ ಮೆಕ್ಕೆಜೋಳ ಹಾಕಿರುತ್ತಾರೆ. ನೀವು ಹತ್ತು ಜನ ಟೀ ಶರ್ಟು ಹಾಕಿಕೊಂಡು ಟೇಪು ಹಿಡಿದು ಇಳಿದರೆ ಅವರ ಎದೆ ಧಸಕ್ಕೆನ್ನುತ್ತದೆ, ಸರ್ವೆಯವರು ಬಂದರು, ಒಕ್ಕಲೆಬ್ಬಿಸುತ್ತಾರೆ ಅಂತ. ಅವರನ್ನು ಎದುರು ಹಾಕಿಕೊಂಡರೆ ನಿಮ್ಮ ಬೇಲಿ ಒಂದು ಅಮಾವಾಸ್ಯೆಯನ್ನೂ ಕಾಣುವುದಿಲ್ಲ. ಅವರ ಮಗನನ್ನೋ ಸೊಸೆಯನ್ನೋ ತಂಡಕ್ಕೆ ಸೇರಿಸಿಕೊಳ್ಳಿ.

• ಬಾಯಿಮಾತಿನ ಒಪ್ಪಿಗೆ ಒಪ್ಪಿಗೆಯಲ್ಲ. ಪಂಚಾಯಿತಿಗೆ, ತಹಶೀಲ್ದಾರರಿಗೆ, ಗಣಿ ಇಲಾಖೆಗೆ, ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಗಣಿಯ ಬಾಯಿ ಮುಟ್ಟುವ ಯಾವ ಕೆಲಸಕ್ಕೂ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದವರ ಸಲಹೆ ಕೇಳಿ. ಅವರ ಕೇಂದ್ರ ಕಚೇರಿ ಧನಬಾದಿನಲ್ಲಿ, ಆದರೆ ಬಳ್ಳಾರಿಯಲ್ಲೂ ಕಚೇರಿ ಇದೆ. ಉತ್ತರ ತಡವಾಗುತ್ತದೆ. ಆಗಲಿ. ಇಷ್ಟು ವರ್ಷ ಕಾದ ಗಣಿ ಇನ್ನೊಂದು ಸುಗ್ಗಿ ಕಾಯುತ್ತದೆ.

• ನಕ್ಷೆಗಿಂತ ಕುರಿಗಾಹಿಯನ್ನು ನಂಬಿ. ಗುಡ್ಡದ ಮೇಲಿನ ಒಂದೊಂದು ಗುಂಡಿಯೂ ಅವನಿಗೆ ಗೊತ್ತು, ಏಕೆಂದರೆ ಒಂದೊಂದರಲ್ಲೂ ಅವನದೊಂದು ಮರಿ ಬಿದ್ದಿರುತ್ತದೆ. ತಾಂಡಾದ ಹಿರಿಯ ಹೆಂಗಸರನ್ನೂ ಕೇಳಿ, ಸೌದೆಗೆ ಹೋದವರಿಗೆ ಗೊತ್ತಿರುವ ಜಾಗ ಸೌದೆ ಕೊಂಡವರಿಗೆ ಗೊತ್ತಿರುವುದಿಲ್ಲ. ಅವರು ತೋರಿಸಿದ ಗುಂಡಿಗೆಲ್ಲ ಒಂದು ನಂಬರು ಕೊಟ್ಟು, ಪಕ್ಕದಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು, ಮೊಬೈಲಿನಲ್ಲಿ ಜಾಗ ಗುರುತು ಮಾಡಿ. ಸುಣ್ಣದ ಕಲ್ಲು ಗುಂಡಿಯ ಅಂಚಿನಲ್ಲಿ ಬೇಡ, ಹತ್ತು ಹೆಜ್ಜೆ ಈಚೆಗಿರಲಿ. ಹಳೇ ಗುಂಡಿಯ ಅಂಚು ಒಳಗೊಳಗೇ ಕೊರೆದು ಟೊಳ್ಳಾಗಿರುತ್ತದೆ, ಮೇಲೆ ಹುಲ್ಲು ಮಾತ್ರ ಗಟ್ಟಿ ನೆಲದ ಹಾಗೆ ಕಾಣುತ್ತದೆ.

• ಇನ್ನು ದೊಡ್ಡ ಮಾತು. ಒಳಗೆ ಇಳಿಯಬೇಡಿ. ಬಾಯಿ ತನಕ ಸಾಕು, ಹೊಟ್ಟೆಗೆ ಬೇಡ.

ಯಾಕೆ ಅಂತ ಕೇಳುತ್ತೀರಿ. ಮೊದಲನೆಯದು ಗಾಳಿ. ಕೆಟ್ಟ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಳೇ ಮರ ಕೊಳೆತು, ಅದಿರಿನ ಕಲ್ಲು ತುಕ್ಕುಹಿಡಿದು ಒಳಗಿನ ಆಮ್ಲಜನಕವನ್ನು ತಿಂದುಬಿಟ್ಟಿರುತ್ತವೆ. ಹೊರಗಿನ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ. ಗಣಿಯೊಳಗೆ ಕೆಲಸ ಮಾಡುವ ಕಡೆ ಅದು ಹತ್ತೊಂಬತ್ತಕ್ಕಿಂತ ಇಳಿಯಬಾರದು, ಇಂಗಾಲದ ಡೈಆಕ್ಸೈಡು ಅರ್ಧ ಪಾಲಿಗಿಂತ ಏರಬಾರದು ಅಂತ ಕಾಯಿದೆಯಿದೆ. ಮೇಣದ ಬತ್ತಿ ಇಳಿಬಿಟ್ಟು ನೋಡುತ್ತೇವೆ ಅಂದ ಹೊನ್ನಾಳಿಯ ಹುಡುಗ, ಕೇಳು ತಮ್ಮಾ. ಬತ್ತಿ ಆರುವುದು ಆಮ್ಲಜನಕ ಹದಿನಾರು ಹದಿನೇಳಕ್ಕೆ ಬಂದಾಗ. ನಮ್ಮ ಕಾಲದ ಕಾರ್ಬೈಡ್ ದೀಪ ಹನ್ನೆರಡು ಹದಿಮೂರರವರೆಗೂ ಉರಿಯುತ್ತಿತ್ತು. ದೀಪ ಉರಿಯುತ್ತಿದೆ ಅಂತ ಮುಂದೆ ಹೋದವನ ಕಾಲು ಆಗಲೇ ಮಾತು ಕೇಳುತ್ತಿರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಯಾವ ಗಣಿ ಅಂತ ಹೇಳುವುದಿಲ್ಲ. ಒಂದು ಹಳೇ ಸುರಂಗಕ್ಕೆ ಎರಡು ಹಲಗೆ ಅಡ್ಡ ಬಡಿದು ಮುಚ್ಚಿದ್ದರು. ನನ್ನ ಜೊತೆಯವನು ಊಟದ ಹೊತ್ತಿನಲ್ಲಿ ಹಲಗೆ ಸರಿಸಿಕೊಂಡು ಒಳಗೆ ಹೋದ, ತಂಪಾಗಿದೆ, ಹತ್ತು ನಿಮಿಷ ಅಡ್ಡಾಗುತ್ತೇನೆ ಅಂತ. ಕರೆದರೆ ಉತ್ತರ ಇಲ್ಲ. ನಾನು ಹಲಗೆ ದಾಟಿ ಎರಡು ಹೆಜ್ಜೆ ಇಟ್ಟಿದ್ದೆ, ಹಿಂದಿನಿಂದ ಮೇಸ್ತ್ರಿ ನನ್ನ ಕಾಲರು ಹಿಡಿದು ಎಳೆದ ರಭಸಕ್ಕೆ ಅಂಗಿಯ ಗುಂಡಿಗಳೆಲ್ಲ ಕಿತ್ತುಹೋದವು. ಅವನನ್ನು ಗಾಳಿಯ ಪೈಪು ಎಳೆದುಕೊಂಡು ಹೋದವರು ಹೊರಗೆ ತಂದರು. ತುಟಿ ನೇರಳೆ ಹಣ್ಣು ತಿಂದವನ ಹಾಗಿತ್ತು. ನಿಮ್ಮೂರಲ್ಲಿ ಹಾಳು ಬಾವಿಗೆ ಒಬ್ಬ ಇಳಿದು, ಅವನನ್ನು ಎತ್ತಲು ಇನ್ನೊಬ್ಬ, ಇನ್ನೊಬ್ಬನನ್ನು ಎತ್ತಲು ಮತ್ತೊಬ್ಬ ಇಳಿದು ಮೂರು ಹೆಣ ಎತ್ತಿದ ಸುದ್ದಿ ಕೇಳಿದ್ದೀರಲ್ಲ, ಅದೇ ಇದು.

ಎರಡನೆಯದು ಮೇಲಿನ ಬಂಡೆ. ನಾವು ಕಂಬ ಕೊಡುವ ಮೊದಲು ಹಾರೆಯಲ್ಲಿ ಮೇಲಿನ ಬಂಡೆ ಬಡಿದು ಕೇಳುತ್ತಿದ್ದೆವು. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳಿನ ಗಿಣ್ಣಿನಿಂದ ತಟ್ಟಿ ನೋಡುವುದಿಲ್ಲವೆ, ಹಾಗೆ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಬಿರುಕು ಬಿಟ್ಟಿದೆ, ಯಾವಾಗ ಬೇಕಾದರೂ ಕಳಚುತ್ತದೆ. ಆ ಎರಡು ಸದ್ದಿನ ನಡುವೆ ಇನ್ನೊಂದು ಸದ್ದಿದೆ, ಅದನ್ನು ಕಲಿಯಲು ನನಗೆ ಆರು ವರ್ಷ ಹಿಡಿಯಿತು. ನಿಮಗೆ ಒಂದು ಭಾನುವಾರದಲ್ಲಿ ಕಲಿಸಲು ನನ್ನಿಂದಾಗದು.

ಮೂರನೆಯದು ನೀರು. ಸುರಂಗದ ನೆಲದ ಮೇಲೆ ಮೊಣಕಾಲುದ್ದ ನೀರು ಅಂದುಕೊಂಡು ಕಾಲಿಟ್ಟರೆ ಅದು ಕೆಳಗಿನ ಅಂತಸ್ತಿಗೆ ಇಳಿಯುವ ಬಾವಿಯಾಗಿರುತ್ತದೆ. ಅಷ್ಟೇ, ಹೆಚ್ಚು ಹೇಳುವುದಿಲ್ಲ.

ಒಳಗಿನ ಅಳತೆ ಬೇಕೇಬೇಕು ಅಂದರೆ ಅದಕ್ಕೆ ತರಬೇತಾದ ಗಣಿ ಸರ್ವೆಯವರು ಇದ್ದಾರೆ, ಅನಿಲ ಅಳೆಯುವ ಯಂತ್ರ ಇದೆ. ಇಲಾಖೆಯ ಮೂಲಕ ಅವರು ಬರಲಿ. ನೀವು ಮೇಲೆ ನಿಂತು ಟೀ ಕೊಡಿ.

• ಬೇಲಿ ಹಾಕುವಾಗ ಮುಳ್ಳುತಂತಿಯನ್ನೇ ನಂಬಬೇಡಿ, ತಂತಿ ಕಳುವಾಗುತ್ತದೆ. ಸುತ್ತ ಎದೆಮಟ್ಟದ ಮಣ್ಣಿನ ಏರಿ ಹಾಕಿ ಅದರ ಮೇಲೆ ಕತ್ತಾಳೆ ನೆಡಿ. ಜಗಳೂರು ಕಡೆಯವರಿಗೆ ಹೇಳಿಕೊಡಬೇಕಿಲ್ಲ, ನೀರಿಲ್ಲದೆ ಬದುಕುವ ಬೇಲಿ ಅದು. ಮೂರು ಮಳೆಗಾಲ ಕಳೆದರೆ ಎಮ್ಮೆಯೂ ನುಗ್ಗುವುದಿಲ್ಲ.

• ಗಣಿಯ ಬಾಯಿಗೆ ಕಲ್ಲು ತುಂಬಿಸಿ ಮುಚ್ಚಬೇಡಿ, ತಗಡಿನ ಬಾಗಿಲೂ ಬೇಡ. ಒಳಗೆ ಬಾವಲಿ ಇರುತ್ತವೆ. ಬಾವಲಿ ಅಂದರೆ ಮೂಗು ಮುರಿಯುತ್ತೀರಿ, ಆದರೆ ನಿಮ್ಮ ಅಡಿಕೆ, ಜೋಳದ ಮೇಲೆ ಕೂರುವ ಹುಳುವನ್ನು ರಾತ್ರಿಯಿಡೀ ಹಿಡಿದು ತಿನ್ನುವವು ಅವೇ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಜಾತಿಯ ಎಲೆಮೂಗಿನ ಬಾವಲಿ ಇದೆ. ಪ್ರಪಂಚದಲ್ಲಿ ಉಳಿದಿರುವುದು ಆ ಒಂದೇ ಜಾಗದಲ್ಲಿ, ಅದೂ ಕೆಲವು ನೂರರ ಒಳಗೆ. ಪಕ್ಕದಲ್ಲಿ ಕಲ್ಲು ಸಿಡಿಸಿ ಸಿಡಿಸಿ ಅವುಗಳ ನೆಲೆಯೇ ಹೋಗುವುದರಲ್ಲಿತ್ತು. ನಿಮ್ಮ ಗುಂಡಿಯಲ್ಲಿ ಯಾವ ಜಾತಿ ಇದೆಯೋ ಯಾರಿಗೆ ಗೊತ್ತು. ನ್ಯಾಮತಿಯ ವೆಲ್ಡಿಂಗ್ ಹುಡುಗನಿಗೆ ಕೆಲಸ ಇಲ್ಲಿದೆ: ಅಡ್ಡ ಸರಳಿನ ಜಾಲರಿ ಮಾಡು. ಸರಳು ಸರಳಿನ ನಡುವೆ ಆರು ಇಂಚಿಗಿಂತ ಒಂದು ಕೂದಲು ಕಡಿಮೆ ಸಂದು ಬಿಡು. ಬಾವಲಿ ರೆಕ್ಕೆ ಮಡಚಿ ನುಸುಳುತ್ತದೆ, ಮನುಷ್ಯನ ತಲೆ ತೂರುವುದಿಲ್ಲ. ಉದ್ದ ಸರಳು ನಿಲ್ಲಿಸಿದರೆ ಅವುಗಳ ರೆಕ್ಕೆಗೆ ತಾಗುತ್ತದೆ, ಅಡ್ಡವೇ ಇರಲಿ. ಮರಿ ಹಾಕಿರುವ ಕಾಲದಲ್ಲಿ ಆ ಕಡೆ ಹೋಗಲೇ ಬೇಡ. ಅದು ಯಾವ ತಿಂಗಳು ಅಂತ ಅರಣ್ಯದವರನ್ನು ಕೇಳು.

• ಹಳೇ ಮರದ ತುಂಡು ಸಿಕ್ಕರೆ ಟೀ ಕಾಯಿಸಲು ಒಲೆಗೆ ಹಾಕಬೇಡಿ. ನಗಬೇಡಿ, ಹೀಗೆ ಆಗಿದ್ದನ್ನು ನೋಡಿದ್ದೇನೆ. ರಾಯಚೂರು ಸೀಮೆಯ ಹಟ್ಟಿಯಲ್ಲಿ ಹಿಂದಿನವರು 600 ಅಡಿಗೂ ಹೆಚ್ಚು ಆಳಕ್ಕೆ ಅಗೆದಿದ್ದರು, ಯಂತ್ರ ಇಲ್ಲ, ಮದ್ದು ಇಲ್ಲ. ಅಲ್ಲಿ ಸಿಕ್ಕಿದ ಮರವನ್ನು ಕಾರ್ಬನ್ ಪರೀಕ್ಷೆಗೆ ಕಳಿಸಿದಾಗ ಸುಮಾರು ಎರಡು ಸಾವಿರ ವರ್ಷ ಹಳೆಯದು ಅಂತ ಗೊತ್ತಾಯಿತು. ಆ ಮರವನ್ನು ಅಲ್ಲಿ ನಿಲ್ಲಿಸಿದವನು ನನ್ನ ಹಾಗೇ ಕಂಬ ಕೊಡುವ ಕೆಲಸದವನು. ಅವನ ಹೆಸರು ಗೊತ್ತಿಲ್ಲ, ಕೆಲಸ ನಿಂತಿದೆ.

ಇದ್ದಿಲೂ ಅಷ್ಟೇ. ಆಗಿನವರು ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಂಡೆ ಬಿರಿದ ಮೇಲೆ ಕಲ್ಲಿನ ಸುತ್ತಿಗೆಯಿಂದ ಒಡೆಯುತ್ತಿದ್ದರು. ಆ ಇದ್ದಿಲ ಚೂರು ಮೇಲಿನ ಮಣ್ಣಲ್ಲಿ ಕಂಡರೂ ಕೈಯಲ್ಲಿ ಮುಟ್ಟದೆ, ಇದ್ದಲ್ಲೇ ಬಿಟ್ಟು, ಫೋಟೊ ತೆಗೆದು, ಪುರಾತತ್ವದವರಿಗೆ ತಿಳಿಸಿ. ನೀರಲ್ಲಿ ನೆನೆದ ಮರವನ್ನು ಬಿಸಿಲಿಗೆ ಒಣಹಾಕಿದರೆ ಸೀಳಿ ಪುಡಿಯಾಗುತ್ತದೆ. ಅದು ನೀರಲ್ಲೇ ಇರಲಿ.

• ಬಂಡೆಯ ಮೇಲೆ ಒರಳಿನ ಹಾಗೆ ಸಾಲು ಕುಳಿ ಕಂಡರೆ ಅದು ರಾಗಿ ಬೀಸಿದ ಜಾಗ ಅಂದುಕೊಳ್ಳಬೇಡಿ. ಬೆಣಚುಕಲ್ಲನ್ನು ಕುಟ್ಟಿ ಹಿಟ್ಟು ಮಾಡಿದ ಜಾಗ ಆಗಿರಬಹುದು. ಕಾಗದ ಹಾಸಿ ಪೆನ್ಸಿಲು ಉಜ್ಜಿ ಅದರ ಅಚ್ಚು ತೆಗೆದುಕೊಳ್ಳಿ, ಅಗಲ ಆಳ ಬರೆದುಕೊಳ್ಳಿ. ಕುಟ್ಟಿದ ಹಿಟ್ಟನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಾಳು ತೆಗೆಯುವವರನ್ನು ಜಲಗಾರರು ಅನ್ನುತ್ತಿದ್ದರು. ಡಂಬಳ, ಕಪ್ಪತಗುಡ್ಡದ ಕಡೆಯ ಹಳ್ಳಗಳಲ್ಲಿ ಇವರು ಮಳೆ ನಿಂತ ಮೇಲೆ ಕೆಲಸಕ್ಕೆ ಕೂರುತ್ತಿದ್ದರು. ಕುವೆಂಪು ಅವರ 'ಜಲಗಾರ' ನಾಟಕ ಓದಿದವರಿಗೆ ಜಲಗಾರ ಅಂದರೆ ಬೀದಿ ಗುಡಿಸುವವನು. ಕಸದಲ್ಲಿ, ಮರಳಿನಲ್ಲಿ ಚಿನ್ನ ಹುಡುಕುವವನು ಅನ್ನುವ ಅರ್ಥವೂ ಆ ಮಾತಿಗೆ ಇದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಥ ಮಾತುಗಳಿಗೇ ಹತ್ತು ಪುಟ ಬಿಡಿ. ಮುದುಕರು ಆಡುವ ಒಂದೊಂದು ಪದವನ್ನೂ ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.

ಕಣ್ಣು ಗುಂಡಿಯೊಳಗೇ ನೆಟ್ಟಿರದೆ ಸುತ್ತಲ ಬಂಡೆಗಳ ಮೇಲೂ ಆಡಲಿ. ಮಸ್ಕಿಯಲ್ಲಿ ಅಶೋಕನ ಹೆಸರೇ ಕೆತ್ತಿದ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರು. ಆತ ಹೋಗಿದ್ದು ಚಿನ್ನ ನೋಡಲು.

• ಗಣಿಯ ಹೊರಗೆ ಗುಡ್ಡೆ ಹಾಕಿದ ಪುಡಿಮಣ್ಣು ಇರುತ್ತದಲ್ಲ, ಅದನ್ನು ಮನೆ ಕಟ್ಟಲು, ಅಂಗಳಕ್ಕೆ ಹರಡಲು ಒಯ್ಯಬೇಡಿ, ಯಾರನ್ನೂ ಒಯ್ಯಲು ಬಿಡಬೇಡಿ. ಚಿನ್ನ ಇರುವ ಕಲ್ಲಿನಲ್ಲಿ ಎಷ್ಟೋ ಸಲ ಪಾಷಾಣವೂ ಇರುತ್ತದೆ. ಹಳಬರು ಚಿನ್ನ ಹಿಡಿಯಲು ಪಾದರಸ ಬಳಸುತ್ತಿದ್ದರು, 1887ರ ಆಮೇಲೆ ಸೈನೈಡು ಬಂತು. ಕೋಲಾರದಲ್ಲಿ ಸುಮಾರು 3.3 ಕೋಟಿ ಟನ್ ಸೈನೈಡ್ ದಿಬ್ಬ ಇವತ್ತಿಗೂ ನಿಂತಿದೆ, ಗಾಳಿ ಬೀಸಿದಾಗ ಆ ಊರಿನವರು ಕಿಟಕಿ ಮುಚ್ಚುತ್ತಾರೆ. ನಮ್ಮ ಗುಡ್ಡೆ ಅದರ ಮುಂದೆ ಇಲಿಬಿಲದ ಮಣ್ಣು. ಆದರೂ ಅದು ಮಳೆಗೆ ಕೊಚ್ಚಿ ಕೆರೆಗೆ ಸೇರದ ಹಾಗೆ ಕೆಳಗೆ ಕಲ್ಲಿನ ಒಡ್ಡು ಹಾಕಿ. ಕೆರೆಯ ಬೆಲೆ ಚನ್ನಗಿರಿಯವರಿಗೆ ನಾನು ಹೇಳಬೇಕೆ? ಸೂಳೆಕೆರೆಯ ನೀರು ಚಿತ್ರದುರ್ಗದವರೂ ಕುಡಿಯುತ್ತಾರೆ.

ಮಣ್ಣಿನ ಪರೀಕ್ಷೆ ಆಗುವ ತನಕ ಅಲ್ಲಿ ಕೂತು ಮಂಡಕ್ಕಿ ತಿನ್ನಬೇಡಿ. ದಾವಣಗೆರೆ ಸೀಮೆಯವರಿಗೆ ಇದು ಕಷ್ಟದ ಮಾತು ಅಂತ ಗೊತ್ತು, ನಾನೂ ಮಂಡಕ್ಕಿ ಮೆಣಸಿನಕಾಯಿಯ ಮನುಷ್ಯನೇ. ಟ್ರ್ಯಾಕ್ಟರು ನಿಲ್ಲಿಸಿದ ಕಡೆ ಬಂದು, ಸೋಪು ಹಾಕಿ ಮೊಣಕೈವರೆಗೆ ತೊಳೆದು ತಿನ್ನಿ. ಹುಡುಗರು ಉಗುರು ಕತ್ತರಿಸಿಕೊಂಡು ಬನ್ನಿ.

• ಹಳೇ ಕಬ್ಬಿಣ. ಗಾಲಿ, ಕಂಬಿ, ಬಕೆಟ್ಟಿನ ತುಂಡು, ಏನೇ ಇರಲಿ ಕಂಡ ದಿನವೇ ಬಿಳಿ ಬಣ್ಣದಲ್ಲಿ ನಂಬರು ಬರೆದು ಪಂಚಾಯಿತಿಯವರ ಎದುರಿಗೆ ಪಟ್ಟಿ ಮಾಡಿ. ಮಾಡದಿದ್ದರೆ ಮುಂದಿನ ವಾರ ಅದು ಗುಜರಿ ಅಂಗಡಿಯಲ್ಲಿ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರ-ತಾಮ್ರದ ಗಣಿಗಳಿಂದಲೇ ಕೋಲಾರಕ್ಕೆ ಮೊದಮೊದಲ ಗಣಿ ಮೇಸ್ತ್ರಿಗಳು ಬಂದದ್ದು. ಅಲ್ಲಿ ಲೆವಂಟ್ ಅಂತ ಒಂದು ಗಣಿ, ಸಮುದ್ರದ ಅಡಿಗೆ ಹೋಗಿದೆ. 1919ರ ಅಕ್ಟೋಬರ್ 20ರಂದು ಆಳುಗಳನ್ನು ಏರಿಳಿಸುವ ಯಂತ್ರ ಮುರಿದು 31 ಜನ ಸತ್ತರು. 1930ರಲ್ಲಿ ಗಣಿ ಮುಚ್ಚಿತು. 1840ರ ಒಂದು ಹಬೆಯಂತ್ರ ಗುಜರಿಗೆ ಹೊರಟಿತ್ತು, 1935ರಲ್ಲಿ ಊರಿನ ಕೆಲವರು ಸಂಘ ಕಟ್ಟಿ ತಡೆದರು. ತಡೆದರು ಅಷ್ಟೇ, ಓಡಿಸಲಿಲ್ಲ. ಸುಮಾರು ಐವತ್ತು ವರ್ಷ ಅದು ಹಾಗೇ ನಿಂತಿತ್ತು. 1984ರಿಂದ ಇನ್ನೊಂದು ತಲೆಮಾರಿನ ಸ್ವಯಂಸೇವಕರು, ಮೈಕೈಯೆಲ್ಲ ಗ್ರೀಸು ಬಳಿದುಕೊಂಡು, ಬಿಡುವಿನ ದಿನಗಳಲ್ಲಿ ಬಂದು ಬಿಚ್ಚಿ ಜೋಡಿಸಿ, 1990ರ ದಶಕದ ಆರಂಭದಲ್ಲಿ ಮತ್ತೆ ಹಬೆ ಕೊಟ್ಟು ಓಡಿಸಿದರು. ಅವರನ್ನು ಜನ ಗ್ರೀಸಿ ಗ್ಯಾಂಗ್ ಅಂತಲೇ ಕರೆದರು. ನೀವು ಬರೀ ತಡೆಯುವವರಾದರೂ ನನಗೆ ಬೇಸರವಿಲ್ಲ. ಓಡಿಸುವವರು ನಿಮ್ಮ ಮೊಮ್ಮಕ್ಕಳಾಗಲಿ.

• ಗೋಡೆಯ ಮೇಲೆ ಬೆಳೆದ ಅರಳಿ ಗಿಡವನ್ನು ಎಳೆದು ಕೀಳಬೇಡಿ, ಗೋಡೆಯೇ ಕಿತ್ತು ಬರುತ್ತದೆ. ಬುಡದಲ್ಲಿ ಕತ್ತರಿಸಿ, ಮತ್ತೆ ಚಿಗುರಿದಾಗ ಮತ್ತೆ ಕತ್ತರಿಸಿ. ಲಂಟಾನವನ್ನು ಮಾತ್ರ ಬೇರು ಸಮೇತ ತೆಗೆಯಿರಿ, ಆದರೆ ಕೋಲಿನಿಂದ ಬಡಿದು ಸದ್ದು ಮಾಡಿದ ಮೇಲೆ. ಕೊಳಕುಮಂಡಲಕ್ಕೆ ಅಂಥ ಪೊದೆಯೆಂದರೆ ತವರುಮನೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರನ್ನು ಅವತ್ತು ಅಡುಗೆಗೆ ಹಾಕಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ, ನೇರ ಆಸ್ಪತ್ರೆಗೆ. ಗಾಡಿ ಯಾವಾಗಲೂ ಊರಿನ ಕಡೆ ಮುಖ ಮಾಡಿ ನಿಂತಿರಲಿ.

• ಹಳೇ ಗಾರೆ ಗೋಡೆಗೆ ಸಿಮೆಂಟು ಮೆತ್ತಿದಿರೋ, ನಾನು ಅಲ್ಲಿಗೆ ಬರುವುದಿಲ್ಲ. ಸಿಮೆಂಟು ಉಸಿರಾಡುವುದಿಲ್ಲ, ಒಳಗಿನ ತೇವ ಹಿಡಿದಿಟ್ಟು ಹಳೇ ಇಟ್ಟಿಗೆಯನ್ನು ಒಳಗಿಂದಲೇ ಕರಗಿಸುತ್ತದೆ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಸೇರಿಸಿ ಅರೆದ ಗಾರೆ ಮಾಡುವ ಕೈಗಳು ಇನ್ನೂ ಕೆಲವಿವೆ, ಹುಡುಕಿ. ಸಂತೇಬೆನ್ನೂರಿನ ಪುಷ್ಕರಣಿಗೆ ಒಮ್ಮೆ ಹೋಗಿ, ನೀರಿನ ನಡುವೆ ನಿಂತ ಆ ಮಂಟಪವನ್ನು ಸುಮ್ಮನೆ ಸೆಲ್ಫಿಗೆ ನೋಡದೆ ಅದರ ಗಾರೆಯನ್ನು ಹತ್ತಿರದಿಂದ ನೋಡಿ. ನೀರಲ್ಲೇ ನಿಂತು ಶತಮಾನಗಳು ಕಳೆದಿವೆ.

• ಚಿನ್ನದ ಮಾತು ವಾಟ್ಸಾಪಿನಲ್ಲಿ ಬೇಡ. 'ನಮ್ಮೂರ ಗುಡ್ಡದಲ್ಲಿ ಚಿನ್ನ' ಅಂತ ಒಂದು ವಿಡಿಯೊ ಹರಿದಾಡಿದರೆ ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಹಾರೆ ಹಿಡಿದವರು ಬರುತ್ತಾರೆ. ನಿಧಿ ಆಸೆಗೆ ಬಸವಣ್ಣನ ಮೂರ್ತಿಗಳನ್ನೇ ಒಡೆದ ಜನ. ಯಾರಾದರೂ ಕೇಳಿದರೆ ಲೆಕ್ಕ ಹೇಳಿ: ಹಟ್ಟಿಯಂಥ ಗಣಿಯಲ್ಲೂ ಒಂದು ಟನ್ ಕಲ್ಲು ಅರೆದರೆ ಎರಡು ಮೂರು ಗ್ರಾಂ. ಮನೆಯ ಒರಳಿನಲ್ಲಿ ಒಂದು ಟನ್ ಬೆಣಚುಕಲ್ಲು ಅರೆದು ನೋಡಲಿ. ಮತ್ತೆ ಒಂದು ಮಾತು, ನೆಲದಡಿಯ ಚಿನ್ನ ಸರ್ಕಾರದ್ದು. ನೀವೂ ಬೆಣಚುಕಲ್ಲಿನ ಚೂರು ಜೇಬಿಗೆ ಹಾಕಿಕೊಳ್ಳಬೇಡಿ, ಮಿಂಚುವುದು ಹೆಚ್ಚಾಗಿ ಕಾಗೆ ಬಂಗಾರವೇ.

• ಕೆಲಸ ಯಾವಾಗ? ಮುಂಗಾರಿನಲ್ಲಿ ಬೇಡ, ಅಂಚು ಕುಸಿಯುವ ಕಾಲ ಅದು. ಅಕ್ಟೋಬರಿನಲ್ಲಿ ಮೆಕ್ಕೆಜೋಳ ಮುರಿಯಬೇಕು, ಚನ್ನಗಿರಿಯಲ್ಲಿ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು. ಹುಡುಗರು ಸಿಗುವುದಿಲ್ಲ, ಸಿಕ್ಕರೂ ಮನೆಯಲ್ಲಿ ಬೈಗುಳ. ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿ ತನಕ, ಅಷ್ಟೇ ನಿಮ್ಮ ಕಾಲ. ಆಮೇಲೆ ಬಿಸಿಲು, ಕಾಳ್ಗಿಚ್ಚು.

• ಕುದುರೆಕೊಂಡಕ್ಕೆ ಒಪ್ಪಿಗೆ ಸಿಗದಿದ್ದರೆ ಸಿಟ್ಟಾಗಬೇಡಿ. ಜಗಳೂರಿನವರು ಇಂಗಳದಾಳಿನ ತಾಮ್ರದ ಗಣಿಯಲ್ಲಿ ದುಡಿದ ಹಿರಿಯರನ್ನು ಹುಡುಕಿ ಅವರ ಮಾತು ರೆಕಾರ್ಡು ಮಾಡಬಹುದು, ಚಿತ್ರದುರ್ಗ ನಿಮಗೇನು ದೂರವೇ? ರಂಗಯ್ಯನದುರ್ಗದ ಕಾಡಿನೊಳಗೆ ಮಾತ್ರ ಹಳೇ ಗುಂಡಿ ಹುಡುಕಲು ನುಗ್ಗಬೇಡಿ, ಅದು 2011ರಿಂದ ಕೊಂಡುಕುರಿಯ ಅಭಯಾರಣ್ಯ.

• ಕೊನೆಗೆ ಬಿಲ್ಲೆಯ ಮಾತು. ಗಣಿಯಲ್ಲಿ ಪಾಳಿಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಕೊಟ್ಟು ದೀಪ ತೆಗೆದುಕೊಳ್ಳುತ್ತಿದ್ದ, ಮೇಲೆ ಬಂದು ದೀಪ ಕೊಟ್ಟು ಬಿಲ್ಲೆ ವಾಪಸು ಪಡೆಯುತ್ತಿದ್ದ. ಅವತ್ತು ನನ್ನ ಜೊತೆಯವನ ಬಿಲ್ಲೆ, ನಂಬರು 417, ಸಂಜೆಯಾದರೂ ಹಲಗೆಯ ಮೇಲೇ ತೂಗುತ್ತಿತ್ತು. ದೀಪದ ಕೋಣೆಯವನು ಅದನ್ನು ಮುಟ್ಟಲು ಹೋಗದೆ ಉಳಿದವರಿಗೆಲ್ಲ ಅದರ ಅಕ್ಕಪಕ್ಕದಿಂದ ತೆಗೆದು ಕೊಟ್ಟ. ನೀವು ತಗಡಿನ ಬಿಲ್ಲೆ ಕತ್ತರಿಸಿ, ಮೊಳೆಯಲ್ಲಿ ನಂಬರು ಕುಟ್ಟಿ, ಟ್ರ್ಯಾಕ್ಟರಿನ ಹಿಂದೆ ಒಂದು ಹಲಗೆಗೆ ಕೊಕ್ಕೆ ಬಡಿದು ನೇತುಹಾಕಿ. ಬೆಳಿಗ್ಗೆ ಬಂದವರು ತಮ್ಮ ಬಿಲ್ಲೆ ಸಿಕ್ಕಿಸಬೇಕು, ಹೊರಡುವಾಗ ತಾವೇ ತೆಗೆದುಕೊಳ್ಳಬೇಕು, ಗೆಳೆಯನ ಕೈಗೆ ಕೊಟ್ಟು ಕಳಿಸುವ ಹಾಗಿಲ್ಲ. ಕೊಕ್ಕೆಯಲ್ಲಿ ಒಂದು ಬಿಲ್ಲೆ ಉಳಿದಿದ್ದರೂ ಟ್ರ್ಯಾಕ್ಟರಿನ ಕೀಲಿ ತಿರುಗಬಾರದು. ಕೀಲಿ ಜಗಳೂರಿನ ಮೇಷ್ಟ್ರ ಹತ್ತಿರ ಇರಲಿ, ಅವರಿಗೆ ಹಾಜರಿ ಕರೆದು ಅಭ್ಯಾಸವಿದೆ.